ಸಂಗವ್ವನ ತೋಳಿನಲ್ಲಿ ಬಾರದ ಕೆಂಪು

ಕೆಂಪು ಬರಲಿಲ್ಲ, ಸಂಗವ್ವ. ಅವತ್ತು ಮಧ್ಯಾಹ್ನ ನಿನ್ನ ಬಲತೋಳಿನ ಮಚ್ಚೆಯ ಮೇಲೆ ಔಷಧದ ಹನಿ ಬಿಟ್ಟು ಸೂಜಿಯಿಂದ ಚುಚ್ಚಿದಾಗ ಕೆಂಪು ಬರಲಿಲ್ಲ. "ಬಂದೈತಿ" ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಕಾರ್ಡಿನ ಮೇಲೆ ಬರೆದದ್ದು ಸುಳ್ಳು. ಎರಡು ವರ್ಷ ಕಳೆದು, ನಿನ್ನ ಎರಡು ಬೆರಳು ಮಡಚಿಕೊಂಡ ಮೇಲೆ, ಡಾಕ್ಟರರ ಮುಂದೆ ನಿಂತು "ನನ್ನ ಕಣ್ಣು ತಪ್ಪಿರಬೇಕು" ಎಂದದ್ದು ಎಲ್ಲಕ್ಕಿಂತ ದೊಡ್ಡ ಸುಳ್ಳು. ನನ್ನ ಕಣ್ಣು ತಪ್ಪಿರಲಿಲ್ಲ. ನಿನಗೆ ಕುಷ್ಠ ಹತ್ತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಿನ್ನನ್ನು ಗುಳಿಗೆ ಕೊಡದೆ ಮನೆಗೆ ಕಳಿಸಿದೆ.

ಪಾಪ, ವಯಸ್ಸಾಯಿತು, ಮನುಷ್ಯ ಕರಗಿದ್ದಾನೆ ಎಂದು ಯಾರೂ ತಿಳಿಯುವುದು ಬೇಡ. ನಾನು ಕರಗಿಲ್ಲ. ನಿನ್ನ ನೆನಪಾದರೆ ಈಗಲೂ ಮೊದಲು ಸಿಟ್ಟು ಬರುತ್ತದೆ, ನಾಚಿಕೆ ಅದರ ಹಿಂದಿನಿಂದ ಬರುತ್ತದೆ. ಎದುರಿಗಿದ್ದಾಗ ನಿನಗೆ ಯಾವಾಗಲೂ 'ಅಕ್ಕಾರ' ಎಂದು, 'ರಿ' ಹಚ್ಚಿಯೇ ಮಾತಾಡಿದವನು ನಾನು. ಮನಸ್ಸಿನೊಳಗೆ ಮಾತ್ರ ಒಮ್ಮೆಯೂ 'ನೀವು' ಅಂದವನಲ್ಲ. ಈಗ ಪೆನ್ನು ಹಿಡಿದರೂ ಅದೇ 'ನೀನು' ಬರುತ್ತಿದೆ — ಬರಲಿ. ಇಷ್ಟು ವರ್ಷ ನಯವಾಗಿ ಮಾತಾಡಿ ಮಾಡಿದ್ದೇನು?

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತಮೂರು. ಮಸೂತಿಯಲ್ಲಿ ಹುಟ್ಟಿ ಬೆಳೆದು, ಬಾಗೇವಾಡಿಯಲ್ಲಿ ಮ್ಯಾಟ್ರಿಕ್ ಮುಗಿಸಿ, ತರಬೇತಿ ಪಡೆದು ಸಿಂದಗಿಯಲ್ಲಿ ಕುಷ್ಠರೋಗ ತಪಾಸಣೆಯ ಸಹಾಯಕನಾಗಿ ಸೇರಿದ್ದೆ. ಸರಕಾರಿ ಸೈಕಲ್ಲಿನ ಮೇಲೆ ಮೋರಟಗಿಯ ತನಕ ಹಳ್ಳಿ ಹಳ್ಳಿ ಸುತ್ತುವುದು. ಗಂಡಸರ ಅಂಗಿ ಬಿಚ್ಚಿಸಿ ಬಿಸಿಲಿಗೆ ನಿಲ್ಲಿಸಿ ಬೆನ್ನು ನೋಡುವುದು. ತಿಳಿಬಣ್ಣದ ಮಚ್ಚೆ ಕಂಡರೆ ಕಣ್ಣು ಮುಚ್ಚಿಸಿ, ಕೋಳಿಪುಕ್ಕ ಮುಟ್ಟಿಸಿ, "ಎಲ್ಲಿ ಮುಟ್ಟೀನಿ, ಬೆರಳಿಟ್ಟ ತೋರಸ್ರಿ" ಎನ್ನುವುದು. ಮೊಣಕೈ ಹಿಂದಿನ ನರ ಒತ್ತಿ ನೋಡುವುದು. ರೋಗವಿದ್ದವರಿಗೆ ತಿಂಗಳ ಗುಳಿಗೆ ಕೊಡುವುದು. ನಾನು ಓಣಿಗೆ ಬಂದೆನೆಂದರೆ ಬಾಗಿಲು ಹಾಕಿಕೊಳ್ಳುವವರೇ ಹೆಚ್ಚು. ಇಂಡಿ ಕಡೆ ಕೆಲಸಕ್ಕಿದ್ದ ನನ್ನ ಗೆಳೆಯನಿಗಂತೂ ವರ್ಷದ ತನಕ ಬಾಡಿಗೆ ಖೋಲಿ ಸಿಗಲಿಲ್ಲ. ನಾನು ಹುಷಾರಾಗಿದ್ದೆ, ಯಾರಾದರೂ ಕೇಳಿದರೆ "ಆರೋಗ್ಯ ಖಾತೆ" ಎಂದಷ್ಟೇ ಹೇಳುತ್ತಿದ್ದೆ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಿನ್ನ ಖಾನಾವಳಿ. ಗಂಡ ತೀರಿಕೊಂಡ ಮೇಲೆ ಸಣ್ಣ ಮಗನನ್ನು ಕಟ್ಟಿಕೊಂಡು, ನಾದಿನಿ ಕಾಶವ್ವನನ್ನು ಜೊತೆಗಿಟ್ಟುಕೊಂಡು ನೀನೇ ನಡೆಸುತ್ತಿದ್ದಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಬಾಕಿ ಎಲ್ಲ ಸುಳ್ಳು ಹೇಳಿದವನು ಇದೊಂದನ್ನಾದರೂ ಖರೆ ಹೇಳುತ್ತೇನೆ — ಅಂಥ ಜೋಳದ ರೊಟ್ಟಿಯನ್ನು ನನ್ನ ಹಡೆದವ್ವನೂ ಬಡಿಯಲಿಲ್ಲ. ಒಲೆಯ ಮುಂದೆ ಕೂತು ಬಲಗೈಯಿಂದ ಬಡಿಯುತ್ತ, ಎಡಗೈಯಿಂದ ತಿರುಗಿಸುತ್ತ, ಒಂದು ಕಣ್ಣು ಹಂಚಿನ ಮೇಲೆ, ಇನ್ನೊಂದು ಉಣ್ಣುವವರ ತಾಟಿನ ಮೇಲೆ. ಯಾರಾದರೂ ತಾಟಿನಲ್ಲಿ ರೊಟ್ಟಿ ಬಿಟ್ಟು ಎದ್ದರೆ, "ಯಾಕೋ, ನಿಮ್ಮಪ್ಪನ ಹೊಲದಾಗ ಜ್ವಾಳ ಹೆಚ್ಚಾಗೇತೇನು?" ಎಂದು ಬಾಯಿ ಮಾಡುತ್ತಿದ್ದಿ. ಜನ ನಗುತ್ತಿದ್ದರು. ಮೊದಲ ಎರಡು ತಿಂಗಳು ನಾನೂ ನಗುತ್ತಿದ್ದೆ.

ಮೂರನೇ ತಿಂಗಳು ಒಂದು ಸಂತೆಯ ದಿನ. ನಾನು ಉಣ್ಣುತ್ತ ಕೂತಿದ್ದೆ. ನನ್ನ ಹತ್ತಿರ ಗುಳಿಗೆ ಒಯ್ಯುತ್ತಿದ್ದ ಮುದುಕನೊಬ್ಬ — ಬೆರಳು ಮೊಂಡಾದವನು — ಬಾಗಿಲಲ್ಲಿ ನನ್ನನ್ನು ಕಂಡು ಕೈ ಮುಗಿದ. "ಸಾಹೇಬ್ರ, ಗುಳಿಗಿ ಮುಗದಾವ್ರಿ." ನಾನು ಎದ್ದು, ಅವನ ಕೈ ಹಿಡಿದು ಓಣಿಯ ತಿರುವಿನ ತನಕ ಕರೆದುಕೊಂಡು ಹೋಗಿ, ನಾಳೆ ಕೊಡುತ್ತೇನೆಂದು ಹೇಳಿ ಕಳಿಸಿದೆ. ತಿರುಗಿ ಬಂದಾಗ ನನ್ನ ತಾಟು ಹೊರಗೆ ಮಣ್ಣಿನಲ್ಲಿ ಬಿದ್ದಿತ್ತು. ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲ ಮೇಲೆ ನಿಂತಿದ್ದಿ.

"ಆ ರೋಗಿಷ್ಟನ್ನ ಹಿಡದ ಕೈ ನನ್ನ ತಾಟಿಗಿ ಹಚ್ಚಬ್ಯಾಡ. ಉಣ್ಣೂದಿದ್ರ ಕಟ್ಟಿ ಮ್ಯಾಲ ಕುಂತು ಎಲಿಯಾಗ ಉಣ್ಣು. ಇಲ್ಲಾಂದ್ರ ಆ ಮುದುಕನ ಮನಿಗೇ ಹೋಗು, ಅವನ ಜೋಡಿ ಒಂದ ತಾಟಿನ್ಯಾಗ ಉಣ್ಣು!"

ಒಳಗೆ ಹತ್ತು ಹನ್ನೆರಡು ಮಂದಿ ಇದ್ದರು. ಒಬ್ಬ ನಕ್ಕ. ಒಬ್ಬ ಊಟ ಅರ್ಧಕ್ಕೇ ಬಿಟ್ಟು ಎದ್ದ — ನನ್ನ ಪಕ್ಕ ಕೂತಿದ್ದವನು ಅವನು. ನಾನು ಏನು ಹೇಳಬೇಕಿತ್ತೋ ಅದೆಲ್ಲ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು: ಕೈ ಹಿಡಿದಷ್ಟಕ್ಕೆ ಈ ರೋಗ ಬರುವುದಿಲ್ಲ, ಇದು ಶಾಪವಲ್ಲ, ಗುಳಿಗೆಯಿಂದ ವಾಸಿಯಾಗುತ್ತದೆ. ಹಳ್ಳಿಯಲ್ಲಿ ದಿನಾ ಕೂಗಿ ಹೇಳುತ್ತಿದ್ದವನ ಬಾಯಿಂದ ಅವತ್ತು ಒಂದು ಅಕ್ಷರ ಹೊರಡಲಿಲ್ಲ. ಮೈಯೆಲ್ಲ ಉರಿದುಹೋಯಿತು. ಕಟ್ಟೆಯ ಮೇಲೆ ಕೂತೆ. ಉಂಡೆ.

ಬೇರೆ ಕಡೆ ಯಾಕೆ ಹೋಗಲಿಲ್ಲ ಎಂದು ಕೇಳಬೇಡ. ಹೋಗಿ ನೋಡಿದೆ. ಸಂಜೆಯೊಳಗೆ ನೀನು ಸ್ಟ್ಯಾಂಡಿನ ತುಂಬ ಸುದ್ದಿ ಹಬ್ಬಿಸಿದ್ದಿ. ಉಳಿದವರು ಕಟ್ಟೆಯನ್ನೂ ಕೊಡಲಿಲ್ಲ. ನೀನು ಕಟ್ಟೆಯನ್ನಾದರೂ ಕೊಟ್ಟಿ ಎಂದು ನಿನ್ನ ಉಪಕಾರ ನೆನೆಯಬೇಕೋ ಏನೋ! ಒಂದು ವರ್ಷದ ಮೇಲೆ ಎರಡು ತಿಂಗಳು ಆ ಕಟ್ಟೆಯ ಮೇಲೆ ಮುತ್ತುಗದ ಎಲೆಯಲ್ಲಿ ಉಂಡಿದ್ದೇನೆ. ನೀನು ರೊಟ್ಟಿಯನ್ನು ಮಾರುದ್ದ ಮೇಲಿನಿಂದ ಒಗೆಯುತ್ತಿದ್ದಿ. ಎಷ್ಟೋ ಸಲ ಅದು ಎಲೆ ಬಿಟ್ಟು ಕಲ್ಲಿನ ಮೇಲೆ ಬೀಳುತ್ತಿತ್ತು. ನೀರು ಬೇಕೆಂದರೆ ಬೊಗಸೆ ಹಿಡಿಯಬೇಕು, ಚರಿಗೆಯಿಂದ ಸುರಿಯುತ್ತಿದ್ದಿ, ಅಂಗಿಯ ತೋಳು ತೊಯ್ಯುತ್ತಿತ್ತು. ಮಳೆ ಬಂದ ದಿನ ಒಳಗೆ ಬಾ ಅನ್ನಲಿಲ್ಲ. ಥೂ, ಏನು ಹೆಂಗಸು ಎಂದು ಹಲ್ಲು ಕಡಿಯುತ್ತ, ಆ ರೊಟ್ಟಿಯನ್ನೇ ಅಗಿಯುತ್ತ, ನಿನಗೆ ಕೆಟ್ಟದ್ದು ಬಯಸಿದ್ದೇನೆ. ಅದು ತಪ್ಪೆಂದು ನನಗೆ ಅನ್ನಿಸುತ್ತಿರಲಿಲ್ಲ. ಈಗಲೂ — ಬರೀ ಬಯಸಿದ್ದಷ್ಟೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.

ಆಮೇಲೆ ನೀನು ಬಂದಿ. ಚೈತ್ರದ ಬಿಸಿಲು, ಊಟದ ಗದ್ದಲ ಮುಗಿದ ಹೊತ್ತು. ನಮ್ಮ ತಪಾಸಣೆ ಕೇಂದ್ರವೆಂದರೆ ಒಂದು ಖೋಲಿ, ಒಂದು ಬಾಂಕು, ಒಂದು ಕಪಾಟು, ನಾನೊಬ್ಬನೇ ಇದ್ದೆ. ಸೆರಗು ಮುಖದ ತನಕ ಎಳೆದುಕೊಂಡು ಹಿಂದಿನ ಬಾಗಿಲಿಂದ ಬಂದ ಹೆಂಗಸು ಯಾರೆಂದು ನೀನು ಬಾಯಿ ತೆರೆಯುವ ತನಕ ಗೊತ್ತಾಗಲಿಲ್ಲ. ಮೊದಲ ಸಲ ನನ್ನನ್ನು ಸಾಲಿ ಮಾಸ್ತರನಂತೆ ಕರೆದು, 'ರಿ' ಹಚ್ಚಿ ಮಾತಾಡಿದಿ.

"ಮಾಸ್ತರ, ಇದೊಂದೀಟ ನೋಡ್ರಿ. ಮೆಣಸಿನಕಾಯಿ ಕುಟ್ಟಿದಾಗ ಕೈಯೆಲ್ಲಾ ಬೆಂಕಿ ಹತ್ತಿದಂಗ ಉರಿತೈತ್ರಿ. ಇಲ್ಲಿ ಅಷ್ಟ ಉರಿಯಂಗಿಲ್ಲ. ಖಾರ ತಗೊಂಡ ತಿಕ್ಕಿ ನೋಡೀನ್ರಿ. ಏನೂ ಆಗಂಗಿಲ್ಲ."

ಬಲತೋಳಿನ ಒಳಮೈ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಕಿರುಬೆರಳಿನ ಮಗ್ಗುಲಿಗೆ — ಅಂಗೈಯಗಲದ ಮಚ್ಚೆ. ತಿಳಿಯಾಗಿ, ಒಣಗಿ, ಕೂದಲು ಉದುರಿದ್ದು. ನಾನು ನೋಡುತ್ತಿದ್ದರೆ ನೀನು ನನ್ನ ಮುಖ ನೋಡಿ ನಿನಗೆ ನೀನೇ ಧೈರ್ಯ ಹೇಳಿಕೊಂಡಿ: "ಉರೀನೂ ಇಲ್ಲ, ನೋವೂ ಇಲ್ಲ. ರೋಗ ಇದ್ರ ನೋವ ಇರಬೇಕಲ್ರೀ?"

ನಮ್ಮ ಕಡೆಯ ಮಂದಿ ಮಾಡುವ ತಪ್ಪೇ ಇದು. ನೋವಿದ್ದರೆ ರೋಗ, ನೋವಿಲ್ಲದಿದ್ದರೆ ಏನೂ ಇಲ್ಲ. ಖಾರ ಹತ್ತಿದರೂ ಉರಿಯದ ತೊಗಲು ಗಟ್ಟಿ ತೊಗಲು ಎಂದು ಹೆಮ್ಮೆಪಟ್ಟವರನ್ನೂ ನಾನು ಕಂಡಿದ್ದೆ. ನಿನ್ನ ಮಾತಿನಲ್ಲೇ ರೋಗದ ಹೆಸರು ಇತ್ತು. ಆದರೂ ಪರೀಕ್ಷೆ ಮಾಡಿದೆ.

ಆ ಪರೀಕ್ಷೆಯನ್ನು ನನಗೆ ಕಲಿಸಿದವರು ತಿಂಗಳಿಗೊಮ್ಮೆ ಜೀಪಿನಲ್ಲಿ ಬರುತ್ತಿದ್ದ ಡಾಕ್ಟರ್ ಖಾಜಿ. ತಮ್ಮದೇ ತೋಳಿನ ಮೇಲೆ ಹಿಸ್ಟಮಿನ್ ಎಂಬ ಔಷಧದ ಹನಿ ಬಿಟ್ಟು, ಹನಿಯೊಳಗಿಂದ ಸೂಜಿ ಚುಚ್ಚಿ ತೋರಿಸಿದ್ದರು. ಎರಡು ಮೂರು ನಿಮಿಷದಲ್ಲಿ ಅಲ್ಲಿ ಸೊಳ್ಳೆ ಕಚ್ಚಿದಂಥ ಗುಳ್ಳೆ ಎದ್ದಿತು, ಅದರ ಸುತ್ತ ಕೆಂಪು ಹರಡಿತು. "ಇದು ಬರೇ ರಕ್ತದ ಕೆಲಸ ಅಂತ ಮಾಡೀರಿ, ಹೌದಲ್ರಿ?" ಎಂದು ಕೇಳಿದ್ದರು. "ಅಲ್ಲ. ಊತ, ಕೆಂಪು, ಉರಿ — ಇದರಾಗ ನರದ ಪಾಲು ಭಾಳ ಐತಿ. ಸೂಜಿ ಹೊಕ್ಕಲ್ಲಿ ನರ ಎಚ್ಚರಾಗತೈತಿ. ಅದರ ಸಣ್ಣ ಸಣ್ಣ ಟೊಂಗಿ ಸುತ್ತ ಹರಡಿರ್ತಾವ. ಒಂದ ಟೊಂಗ್ಯಾಗ ಏರಿದ ಸುದ್ದಿ ಇನ್ನೊಂದ ಟೊಂಗ್ಯಾಗ ಇಳದ ಬರತೈತಿ. ಇಳದಲ್ಲೆಲ್ಲಾ ರಕ್ತನಾಳ ತೆರಕೋತಾವ. ಅದ ಈ ಕೆಂಪ. ನರ ಸತ್ತಲ್ಲಿ ಗುಳ್ಳಿ ಏಳತೈತಿ, ಕೆಂಪ ಮಾತ್ರ ಹರಡಂಗಿಲ್ಲ. ಗಾಯ ಆದ್ರೂ ಅಲ್ಲಿಗಿ ಯಾರೂ ಓಡಿ ಬರಂಗಿಲ್ಲ." ನನಗೆ ಅದು ಬಹಳ ಹಿಡಿಸಿತ್ತು. ದೇಹ ಕೆಂಪಾಗಿ ಊದಿಕೊಂಡರೆ ಹೆದರುತ್ತೇವೆ. ಊದಿಕೊಳ್ಳದೆ ಸುಮ್ಮನಿದ್ದರೆ ಹೆದರಬೇಕಾದ್ದು ಎಂದು ಅವತ್ತು ತಿಳಿಯಿತು.

ನಿನ್ನ ತೋಳನ್ನು ಕಿಟಕಿಯ ಬಿಸಿಲಿಗೆ ಇಡಿಸಿದೆ. ಒಂದು ಹನಿ ಮಚ್ಚೆಯ ಮೇಲೆ, ಒಂದು ಹನಿ ಎಡತೋಳಿನ ಒಳ್ಳೆಯ ತೊಗಲ ಮೇಲೆ. ಎರಡೂ ಕಡೆ ಚುಚ್ಚಿದೆ. ನೀನು ಕಪ್ಪಗಿದ್ದಿ, ಆದರೆ ಒಳತೋಳು ಮುಸುಕಿನಲ್ಲೇ ಇದ್ದದ್ದರಿಂದ ತಿಳಿಯಾಗಿತ್ತು. ಎಡತೋಳಿನಲ್ಲಿ ಗುಳ್ಳೆಯ ಸುತ್ತ ಕೆಂಪು ಎದ್ದು ರೂಪಾಯಿಯಗಲ ಹರಡಿತು, ನನ್ನ ಕಣ್ಣೆದುರಿಗೇ. ಬಲಗಡೆ ಗುಳ್ಳೆ ಎದ್ದಿತು. ಅಷ್ಟೇ. ಐದು ನಿಮಿಷ ಕಾದೆ. ಹತ್ತು ನಿಮಿಷ ಕಾದೆ. ಅದರ ಸುತ್ತ ತೊಗಲು ಮೊದಲಿದ್ದ ಹಾಗೇ ಇತ್ತು.

ನೀನು ಬಾಂಕಿನ ತುದಿ ಹಿಡಿದು ಕೂತಿದ್ದಿ. ನನ್ನ ಕಾಲು ಹಿಡಿಯುವುದೊಂದು ಬಾಕಿ.

"ಮಾಸ್ತರ, ಏನಾರ ಇದ್ರ ಬರೀಬ್ಯಾಡ್ರಿ. ಏನೂ ಇಲ್ಲ ಅಂತ ಬರೀರಿ. ಊರಿಗಿ ಗೊತ್ತಾದ್ರ ನನ್ನ ಕೈಲೆ ಯಾರ ಉಣ್ಣತಾರ್ರಿ? ನಾ ಎಲ್ಲಿ ಹೋಗ್ಲಿ?"

ನಾನು ಏನು ಮಾಡಬಹುದಿತ್ತೆಂದು ನಿನಗೆ ತಿಳಿಯಬೇಕು. ಕಾರ್ಡಿನಲ್ಲಿ ಖರೆ ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕಬಹುದಿತ್ತು. ರೋಗಿಯ ಹೆಸರು ಹೊರಗೆ ಹೇಳಬಾರದೆಂದು ನಮಗೆ ನಿಯಮವೇ ಇತ್ತು. ನಿನ್ನಂಥ ಒಂದು ಮಚ್ಚೆಯ ರೋಗ ಇನ್ನೊಬ್ಬರಿಗೆ ಹರಡುವ ಹೆದರಿಕೆಯೂ ಇಲ್ಲದಷ್ಟು ಕಡಿಮೆ. ಉಣ್ಣಲು ಬಂದವನು ತಿಂಗಳಿಗೊಮ್ಮೆ ಗುಳಿಗೆಯ ಪುಡಿಕೆಯನ್ನು ನಿನ್ನ ಕೈಗೆ ಹಾಕಿ ಹೋಗಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅದೇ ಖೋಲಿಯಿಂದ ಹಾಗೆ ಗುಳಿಗೆ ಒಯ್ದ ಹೆಂಗಸರು ಐದಾರು ಮಂದಿ ಇದ್ದರು. ಅವರ ಗಂಡಂದಿರಿಗೂ ಗೊತ್ತಿರಲಿಲ್ಲ.

ಇದೆಲ್ಲ ನನ್ನ ತಲೆಗೆ ಬಂತು. ಬರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಆದರೆ ನೀನು ಬೇಡುತ್ತಿದ್ದಿಯಲ್ಲ — ಏನೂ ಇಲ್ಲ ಎಂದು ಬರೀರಿ ಎಂದು — ಅದನ್ನು ಕೇಳುತ್ತಿದ್ದಂತೆ ನನ್ನೊಳಗೆ ಒಂದು ಹಲ್ಕಾ ಖುಷಿ ಎದ್ದಿತು. ಇವಳು ಬೇಡಿದ್ದನ್ನೇ ಕೊಟ್ಟುಬಿಡೋಣ. ಬೇಡಿದ್ದು ಸಿಕ್ಕಿತೆಂದು ನಗುತ್ತ ಹೋಗಲಿ. ಮುಂದೊಂದು ದಿನ ರೋಗವಿದೆಯೆಂದು ಅವಳ ಕೈಯೇ ತಾನಾಗಿ ಹೇಳಲಿ. ಎಲೆ ಬಿಟ್ಟು ಕಲ್ಲಿನ ಮೇಲೆ ಬಿದ್ದ ಒಂದೊಂದು ರೊಟ್ಟಿಯೂ ನೆನಪಾಯಿತು.

"ಏನೂ ಇಲ್ರಿ ಅಕ್ಕಾರ," ಎಂದೆ. "ಎರಡೂ ಕಡೆ ಕೆಂಪ ಬಂದೈತಿ. ನರ ಜೀವಂತ ಐತಿ. ಇದು ಬರೇ ತೊಗಲಿನ ಕಲೆ."

ನಿನ್ನ ಕಣ್ಣೆದುರಿಗೇ ಬರೆದೆ: ಕೆಂಪು ಬಂದಿದೆ, ರೋಗವಿಲ್ಲ. ಓದಲು ಬಾರದ ನೀನು ಆ ಅಕ್ಷರಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿ. ನಾನು ತಡೆಯಲಿಲ್ಲ. ಸಿಟ್ಟಿನ ಭರದಲ್ಲಿ ಕೈ ಓಡಿತು ಎಂದು ಹೇಳಲಾರೆ. ಕೈ ಅಲುಗಲಿಲ್ಲ, ಅಕ್ಷರ ದುಂಡಗೆ ಬಂದವು.

ಮರುದಿನ ಕಟ್ಟೆಯ ಮೇಲೆ ಕೂರಲು ಹೋದರೆ ನೀನೇ ಹೊರಗೆ ಬಂದು, "ಒಳಗ ಬರ್ರಿ ಮಾಸ್ತರ" ಎಂದಿ. ಒಳಗಿದ್ದವರು ಗೊಣಗಿದರು. "ಮುಚಗೊಂಡ ಉಣ್ರೋ! ಅವ್ರ ಕೈಯಿಂದೇನೂ ಬರಂಗಿಲ್ಲ, ನನಗ ಗೊತ್ತೈತಿ" ಎಂದು ಗದರಿಸಿದಿ. ಹೊಸ ಸ್ಟೀಲ್ ತಾಟು. ಬಿಸಿ ರೊಟ್ಟಿ, ಅದರ ಮೇಲೆ ಬೆಣ್ಣೆ. ಶೇಂಗಾ ಹಿಂಡಿ, ಕೆನೆಮೊಸರು. ಒಂದೂವರೆ ವರ್ಷ ನಾನು ಊರೂರು ತಿರುಗಿ ಯಾರ ತಲೆಗೂ ಹೊಗಿಸಲಾಗದ ಮಾತನ್ನು ನೀನು ಒಂದೇ ಗದರಿಕೆಯಲ್ಲಿ ಹನ್ನೆರಡು ಮಂದಿಗೆ ಹೊಗಿಸಿದಿ. ನಾನು ಉಂಡೆ. ಅವತ್ತಷ್ಟೇ ಅಲ್ಲ, ಮತ್ತೆ ಎಂಟು ತಿಂಗಳು ಉಂಡೆ, ಅದೇ ಬಲಗೈ ಬಡಿದ ರೊಟ್ಟಿ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬೇಕೆನ್ನಿಸುತ್ತದೆ — ಬರೆದರೆ ಚಂದ ಕಾಣುತ್ತದೆ. ಆದರೆ ಚೆನ್ನಾಗಿಯೇ ಇಳಿಯಿತು.

ಎಂಟು ತಿಂಗಳಲ್ಲಿ ಎಷ್ಟು ದಿನಗಳಿದ್ದವು! ಯಾವ ದಿನ ಬೇಕಾದರೂ ಹೇಳಬಹುದಿತ್ತು. ಮಳೆಗಾಲ ಶುರುವಾದಾಗ ನಿನ್ನ ಕಿರುಬೆರಳಿನ ಮಗ್ಗುಲಿಗೆ ಒಂದು ಬೊಬ್ಬೆ ಕಂಡೆ. ಹಂಚು ತಾಗಿ ಸುಟ್ಟದ್ದು. ಸುಟ್ಟ ಬೊಬ್ಬೆಯ ಸುತ್ತ ಕೆಂಪಿರಬೇಕು, ಇರಲಿಲ್ಲ. ಬೂದುಬಣ್ಣದ ತೊಗಲ ಮೇಲೆ ಬರೀ ನೀರಿನ ಗುಳ್ಳೆ. "ನೋಯತೈತೇನ್ರಿ ಅಕ್ಕಾರ?" ಎಂದು ಕೇಳಿದೆ. "ಇಲ್ಲ ಬಿಡ್ರಿ, ಸುಟ್ಟದ್ದs ಗೊತ್ತಾಗಲಿಲ್ಲ. ನೀವs ಹೇಳೀರಲ್ಲ, ಏನೂ ಇಲ್ಲಂತ" ಎಂದು ನಕ್ಕು ಇನ್ನೊಂದು ರೊಟ್ಟಿ ಹಾಕಿದಿ. ನಾನು "ಬೆಣ್ಣಿ ಹಚ್ರಿ" ಎಂದೆ. ಡಾಕ್ಟರರ ಹತ್ತಿರ ಎರಡು ವರ್ಷ ಕಲಿತವನು ಕೊಟ್ಟ ಸಲಹೆ — ಬೆಣ್ಣಿ ಹಚ್ರಿ! ಆ ಬೊಬ್ಬೆ ಮಾಯಲು ಎರಡು ತಿಂಗಳು ಹಿಡಿಯಿತು.

ದೀಪಾವಳಿಯ ಹೊತ್ತಿಗೆ ಮೊಣಕೈ ಹಿಂದೆ ಊತ ಬಂತು. ಸಾಯುವ ನರ ಸುಮ್ಮನೆ ಸಾಯುವುದಿಲ್ಲ. ಒಮ್ಮೊಮ್ಮೆ ಸಾಯುವ ಮೊದಲು ತಾನೇ ಉರಿದೇಳುತ್ತದೆ. ತೊಗಲಲ್ಲಿ ಬಾರದ ಉರಿಯೆಲ್ಲ ಆ ನರದಲ್ಲಿ ಬಂತು. ನೀನು ಒಲೆಯ ಮುಂದೆ ಕೂತವಳು ಹಿಟ್ಟು ಕಲಸುತ್ತ ಒಮ್ಮೆಲೇ "ಯವ್ವಾ!" ಎಂದು ತೋಳು ಹಿಡಿದುಕೊಂಡಿ. ಮಿಂಚು ಹೊಡೆದ ಹಾಗೆ ಕಿರುಬೆರಳ ತನಕ ಇಳಿಯುತ್ತದೆ ಎಂದಿ. ನಾನು ಮುಟ್ಟಿ ನೋಡಿದೆ. ಭಾವಿಯ ಹಗ್ಗದಷ್ಟು ದಪ್ಪ, ಬಿಸಿ. ನನ್ನ ಬೆರಳು ತಾಗಿದ್ದಕ್ಕೇ ನಿನ್ನ ಕಣ್ಣಲ್ಲಿ ನೀರು ಬಂತು. ಅವತ್ತು ಡಾಕ್ಟರ್ ಖಾಜಿ ಊರಲ್ಲೇ ಇದ್ದರು. ನನ್ನ ಸೈಕಲ್ ಓಣಿಯಲ್ಲೇ ಇತ್ತು. ಊತ ಇಳಿಸುವ ಔಷಧ ಕೊಟ್ಟು, ತೋಳಿಗೆ ಪಟ್ಟಿ ಕಟ್ಟಿ ಅಲುಗದಂತೆ ಇಟ್ಟಿದ್ದರೆ ಆ ಎರಡು ಬೆರಳು ಉಳಿಯುತ್ತಿದ್ದವು — ಬಹುಶಃ. ಈ 'ಬಹುಶಃ' ಎಂಬುದನ್ನು ನನ್ನ ಸಮಾಧಾನಕ್ಕೆ ಹಾಕಿಕೊಂಡಿದ್ದೇನೆ. ಉಳಿಯುತ್ತಿದ್ದವು.

ಅವತ್ತು ನನಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ಕಾರ್ಡು ಹೊರಗೆ ಬರುತ್ತದೆ, ದುಂಡಗಿನ ಅಕ್ಷರ ಹೊರಗೆ ಬರುತ್ತವೆ, ನೌಕರಿ ಹೋಗುತ್ತದೆ. "ವಾಯು ಆಗೇತ್ರಿ, ಎಣ್ಣಿ ತಿಕ್ಕಿಸ್ಕೋರಿ" ಎಂದೆ. ಉರಿದೆದ್ದ ನರವನ್ನು ತಿಕ್ಕಿಸಿಕೋ ಎಂದೆ, ಸಂಗವ್ವ. ಕಾಶವ್ವ ಪಾಪ, ದಿನಾ ಎಣ್ಣೆ ಕಾಸಿ ತಿಕ್ಕಿದಳು. ನಾನು ಅದೇ ವಾರ ಅರ್ಜಿ ಬರೆದು, ಊರಲ್ಲಿ ತಾಯಿಗೆ ಮೈ ಸರಿಯಿಲ್ಲವೆಂದು ಇನ್ನೊಂದು ಸುಳ್ಳು ಸೇರಿಸಿ, ಮುದ್ದೇಬಿಹಾಳಕ್ಕೆ ವರ್ಗ ಮಾಡಿಸಿಕೊಂಡೆ. ಹೋಗುವ ದಿನ ನೀನು ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟಿ.

ಮುದ್ದೇಬಿಹಾಳದಲ್ಲಿ ಒಂದೂವರೆ ವರ್ಷ ಇದ್ದೆ. ಅಲ್ಲಿ ಯಾರ ತಪ್ಪನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಗುಳಿಗೆ ತಪ್ಪಿಸಿದ ರೋಗಿಗಳನ್ನು ಬೈಯುತ್ತಿದ್ದೆ, ಹೊಸದಾಗಿ ಸೇರಿದ ಸಹಾಯಕರನ್ನು ಬೈಯುತ್ತಿದ್ದೆ, ಒಬ್ಬನನ್ನಂತೂ ಪರೀಕ್ಷೆ ಸರಿಯಾಗಿ ನೋಡಲಿಲ್ಲವೆಂದು ಅಳಿಸಿಬಿಟ್ಟೆ. ಮಂದಿ ನನ್ನನ್ನು ಬಹಳ ಕಟ್ಟುನಿಟ್ಟಿನ ಮನುಷ್ಯ ಎನ್ನುತ್ತಿದ್ದರು.

ಸಿಂದಗಿಗೆ ಮತ್ತೆ ಹಾಕಿದರು. ಮೊದಲ ವಾರವೇ ಡಾಕ್ಟರ್ ಖಾಜಿಯವರ ತಪಾಸಣೆಗೆ ಕಾಶವ್ವ ನಿನ್ನನ್ನು ಕರೆದುಕೊಂಡು ಬಂದಳು. ಬಲಗೈಯ ಕಿರುಬೆರಳು, ಉಂಗುರಬೆರಳು ಅಂಗೈಯತ್ತ ಮಡಚಿದ್ದವು. ಹೆಬ್ಬೆರಳ ಬುಡದ ಮಾಂಸ ಇಳಿದು ಕುಳಿಬಿದ್ದಿತ್ತು. ಡಾಕ್ಟರರು ಮೊಣಕೈ ಒಮ್ಮೆ ಮುಟ್ಟಿದರು, ಕಪಾಟಿನಿಂದ ಕಾರ್ಡು ತೆಗೆದರು, ಓದಿದರು, ನನ್ನ ಮುಖ ನೋಡಿದರು.

"ಇದು ನಿಮ್ಮ ಅಕ್ಷರ ಅಲ್ರೀ?"

"ಹೌದ್ರಿ ಸರ್. ತೊಗಲ ಕಪ್ಪ ಇತ್ರಿ. ಕೆಂಪ ಬಂದಂಗ ಕಂಡಿತ್ರಿ. ನನ್ನ ಕಣ್ಣ ತಪ್ಪಿರಬೇಕ್ರಿ."

ಅವರು ಕಾರ್ಡನ್ನು ಬಾಂಕಿನ ಮೇಲಿಟ್ಟರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು. "ನಮ್ಮ ಮಂದಿ ತೊಗಲಿನ್ಯಾಗ ಕೆಂಪ ಕಾಣೂದು ಕಷ್ಟ ಐತಿ. ನನಗೂ ತಪ್ಪೇತಿ. ಮನಸಿಗಿ ಹಚ್ಕೋಬ್ಯಾಡ್ರಿ." ಅವರು ಹೇಳಿದ್ದು ಖರೆ, ಕಪ್ಪು ತೊಗಲಿನಲ್ಲಿ ಆ ಪರೀಕ್ಷೆ ಎಷ್ಟೋ ಸಲ ಮೋಸ ಮಾಡುತ್ತದೆ. ಆ ಖರೆಯ ಹಿಂದೆ ನಾನು ಅಡಗಿಕೊಂಡೆ. ಅವರ ಕೈ ನನ್ನ ಹೆಗಲ ಮೇಲಿದ್ದಾಗ ನೀನು ನನ್ನನ್ನೇ ನೋಡುತ್ತಿದ್ದಿ. ಬಯ್ಯುತ್ತಿ ಎಂದು ಕಾದೆ. ನೀನು ಬಯ್ಯಲಿಲ್ಲ. "ಮನಷ್ಯಾರ ಕಣ್ಣ, ತಪ್ಪತೈತ್ರಿ" ಎಂದಿ, ನನ್ನ ಪರವಾಗಿ, ಡಾಕ್ಟರರಿಗೆ.

ಗುಳಿಗೆ ಶುರುವಾಯಿತು. ನಾನೇ ತಂದು ಕೊಡುತ್ತಿದ್ದೆ, ಯಾರಿಗೂ ಗೊತ್ತಾಗದ ಹಾಗೆ. ಅಷ್ಟು ಸುಲಭವಿತ್ತು ಆ ಕೆಲಸ. ರೋಗ ನಿಂತಿತು. ಬೆರಳು ತಿರುಗಿ ಬರಲಿಲ್ಲ. ಒಮ್ಮೆ ನಾನಿದ್ದಾಗಲೇ ನೀನು ಹಿಟ್ಟಿನ ಮುಂದೆ ಕೂತು ನೋಡಿದಿ. ಮಡಚಿದ ಬೆರಳು ಹಿಟ್ಟಿನಲ್ಲಿ ಸಿಕ್ಕು ರೊಟ್ಟಿ ಹರಿಯಿತು. ಇನ್ನೊಮ್ಮೆ ಬಡಿದಿ, ಅದೂ ಹರಿಯಿತು. ಕಾಶವ್ವನಿಗೆ ಮಣೆ ಬಿಟ್ಟುಕೊಟ್ಟು ಎದ್ದಿ. ಆಮೇಲೆ ಆ ಮಣೆಯ ಮೇಲೆ ನೀನು ಕೂತದ್ದನ್ನು ನಾನು ಕಾಣಲಿಲ್ಲ. ಕಾಶವ್ವನ ರೊಟ್ಟಿ ದಪ್ಪ. ಗಿರಾಕಿಗಳು ಕಡಿಮೆಯಾದರು. ಅವರ ಮೇಲೆ ಬಾಯಿ ಮಾಡುವುದನ್ನೂ ನೀನು ಬಿಟ್ಟಿ. ಆ ನಿನ್ನ ಬಾಯಿಯನ್ನು ಅಷ್ಟು ದ್ವೇಷಿಸಿದವನಿಗೆ ಆ ಮೌನ ತಡೆದುಕೊಳ್ಳಲಾಗಲಿಲ್ಲ.

ಇಲ್ಲಿಯ ತನಕ ಬರೆದದ್ದು ನನ್ನ ತಪ್ಪು. ಇನ್ನು ಬರೆಯುವುದು ನನ್ನ ನೀಚತನ. ಇದಕ್ಕಾಗಿಯೇ ಕಾಗದ ಶುರು ಮಾಡಿದ್ದು, ಮತ್ತೆ ಇದನ್ನೇ ಕೊನೆಯ ತನಕ ತಳ್ಳಿಕೊಂಡು ಬಂದೆ.

ನಾನು ಸಿಂದಗಿ ಬಿಟ್ಟು ಬಾಗೇವಾಡಿಗೆ ಹೊರಡುವ ವರ್ಷ. ಖಾನಾವಳಿ ಖಾಲಿ ಇತ್ತು. ನೀನು ನನ್ನೆದುರು ಕೂತು, ಎಡಗೈಯಿಂದ ಬಲಗೈಯ ಆ ಎರಡು ಬೆರಳನ್ನು ನೀವುತ್ತ, ನೆಲ ನೋಡುತ್ತ ಕೇಳಿದಿ:

"ಮಾಸ್ತರ, ನಿಮ್ಮನ್ನ ಹೊರಗ ಕುಂದರಿಸಿದ್ನೆಲ್ರಿ. ನಿಮಗ ರೊಟ್ಟಿ ಒಗದಿದ್ನೆಲ್ರಿ. ಒಗದ ಕೈನs ಹೋತು. ನನ್ನ ಪಾಪ ನನ್ನ ಕೈಗೆ ಬಂತು. ದಿನಾ ಇದನ್ನs ನೆನೀತೇನಿ. ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋರಿ."

ಅವತ್ತು ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು ಇದು: "ಇರ್ಲಿ ಬಿಡ್ರಿ ಅಕ್ಕಾರ. ನಾ ಅದನ್ನ ಎಂದೋ ಹೊಟ್ಟ್ಯಾಗ ಹಾಕ್ಕೊಂಡೇನಿ." ನೀನು ಅತ್ತಿ. ನಾನು ದೊಡ್ಡ ಮನುಷ್ಯನ ಹಾಗೆ ಕೂತಿದ್ದೆ. ಹಾಳಾದ ಮನಸ್ಸು, ಅದಕ್ಕೆ ಅವತ್ತು ಹಾಯೆನಿಸಿತು. ಬಸ್ಸಿನಲ್ಲಿ ಕೂತು ದೇವರಹಿಪ್ಪರಗಿ ದಾಟುವ ತನಕ ಹಾಯೆನಿಸುತ್ತಲೇ ಇತ್ತು.

ಆಮೇಲಿನ ವರ್ಷಗಳ ಲೆಕ್ಕ ನಿನಗೆ ಬೇಡ. ನೌಕರಿ ಮುಗಿಯಿತು, ನಾಲ್ಕು ಮಂದಿ ಹಾರ ಹಾಕಿದರು, ಒಬ್ಬ ನನ್ನ ಕೈಹಿಡಿದು "ಕುಷ್ಠರೋಗಿಗಳ ಅಣ್ಣ" ಎಂದು ಭಾಷಣ ಮಾಡಿದ. ಮೊನ್ನೆ ಸಿಂದಗಿಯಿಂದ ಬಂದ ಒಬ್ಬರು ನಿನ್ನ ಸುದ್ದಿ ಹೇಳಿದರು: ಸಂಗವ್ವಕ್ಕ ಇನ್ನೂ ಇದ್ದಾಳೆ, ಮೊಮ್ಮಕ್ಕಳಿಗೆಲ್ಲ ನಿಮ್ಮ ಹೆಸರು ಹೇಳುತ್ತಾಳೆ, ಮಂದಿಯನ್ನು ಹೀಯಾಳಿಸಬೇಡಿ, ನನ್ನ ಕೈ ನೋಡಿ, ಒಬ್ಬ ಒಳ್ಳೆಯ ಮನುಷ್ಯನನ್ನು ಹೀಯಾಳಿಸಿದ್ದಕ್ಕೆ ದೇವರು ಹೀಗೆ ಮಾಡಿದ ಎನ್ನುತ್ತಾಳೆ — ಎಂದು. ಅವತ್ತಿನಿಂದ ನನಗೆ ಅನ್ನ ಸೇರಿಲ್ಲ. ಒಬ್ಬ ಹೆಂಗಸು ತನ್ನದಲ್ಲದ ಪಾಪವನ್ನು ಇಷ್ಟು ವರ್ಷ ಹೊತ್ತು, ಈಗ ಅದನ್ನೇ ಮೊಮ್ಮಕ್ಕಳಿಗೆ ಕಲಿಸುತ್ತಿದ್ದಾಳೆ. ಹೊರಿಸಿದವನು ನಾನು.

ನಿನಗೆ ಓದಲು ಬಾರದು. ಬೇರೆ ಯಾರಿಂದಲೂ ಇದನ್ನು ಓದಿಸುವಂತಿಲ್ಲ, ನಿನ್ನ ರೋಗದ ಹೆಸರು ಇದರಲ್ಲಿದೆ. ನಾಡಿದ್ದು ಸೋಮವಾರದ ಮೊದಲ ಬಸ್ಸಿಗೆ ಬರುತ್ತೇನೆ. ನಿನ್ನೊಬ್ಬಳ ಮುಂದೆ ಕೂತು ಮೊದಲಿನಿಂದ ಕೊನೆಯ ತನಕ ಓದುತ್ತೇನೆ, ಒಂದು ಸಾಲೂ ಬಿಡುವುದಿಲ್ಲ. ಕಟ್ಟೆಯ ಮೇಲೆ ಕೂಡಿಸಿದ್ದಕ್ಕೆ ಬಯ್ದದ್ದನ್ನೂ ಓದುತ್ತೇನೆ. ನೀನು ನನ್ನನ್ನು ಹೊರಗೆ ಕೂಡಿಸಿದ್ದು ಆಗಲೂ ತಪ್ಪು, ಈಗಲೂ ತಪ್ಪು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಅದು ಬಾಯಿಯ ತಪ್ಪು. ಅದಕ್ಕೆ ಯಾವ ದೇವರೂ ಕೈ ಕೇಳುವುದಿಲ್ಲ.

ಓದಿ ಮುಗಿದ ಮೇಲೆ ನೀನು ಬಯ್ಯಿ. ಬಯ್ಯದಿದ್ದರೆ ಬಾಗಿಲು ಹಾಕಿಕೋ. ನನ್ನ ತಪ್ಪನ್ನು ಹೊಟ್ಟೆಯಲ್ಲಿ ಹಾಕಿಕೋ ಎಂದು ಮಾತ್ರ ನಾನು ಕೇಳುವುದಿಲ್ಲ, ಕೇಳಿದರೂ ಕೊಡಬೇಡ. ನಾನು ಬರುತ್ತಿರುವುದು ಅವತ್ತು ನಿನಗೆ ಕೊಟ್ಟ ಕ್ಷಮೆಯನ್ನು ವಾಪಸ್ಸು ತೆಗೆದುಕೊಂಡು ಹೋಗಲು. ಅದು ನಿನಗೆ ಬೇಕಾಗಿಯೇ ಇರಲಿಲ್ಲ, ಸಂಗವ್ವ.